ತೋಡಿನ ಲಿಲ್ಲಿ, ಅಂಗಳದ ಲಿಲ್ಲಿ

ಕಾಸರಗೋಡು ಜಿಲ್ಲೆಗೆ ತನ್ನದೇ ಆದ ಒಂದು ಹೂವಿದೆ ಎಂಬುದು ಎಷ್ಟು ಮನೆಗಳಿಗೆ ತಿಳಿದಿದೆ? 2023ರಲ್ಲಿ ಜಿಲ್ಲೆಯ ಮರ, ಹಕ್ಕಿ, ಜೀವಿ ಮತ್ತು ಹೂವುಗಳ ಘೋಷಣೆಯಾಯಿತು. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಜೀವಿ ಮೃದುಚಿಪ್ಪಿನ ಹೆಬ್ಬಾಮೆ, ಹೂವು 'ಪೆರಿಯ ಪೊಲತ್ತಾಳಿ' ಎಂಬ ಬಿಳಿ ಲಿಲ್ಲಿ.

ಹೊಸದುರ್ಗ ತಾಲೂಕಿನ ಪೆರಿಯದಲ್ಲಿ ದೊರೆತ ಈ ಗಿಡವನ್ನು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಮನೋಜ್ ಲೇಖಕ್ ಮತ್ತು ಶ್ರೀರಂಗ ಯಾದವ್ ಅವರು 2012ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ, ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಸಿದರು. ಕೆಂಪುಕಲ್ಲಿನ ಪದವುಗಳಿಂದ ಮಳೆಗಾಲದಲ್ಲಿ ಇಳಿದು ಬರುವ ತೋಡುಗಳೇ ಇದರ ನೆಲೆ. ನೀಳವಾದ ಎಲೆಗಳು ಹರಿಯುವ ನೀರಿನೊಳಗೆ ಬಳುಕುತ್ತಿರುತ್ತವೆ. ಹೂವಿನ ದಂಟು ಮಾತ್ರ ನೀರಿನಿಂದ ಮೇಲೆದ್ದು ಅರಳುತ್ತದೆ. ತೋಡು ಬತ್ತಿದಾಗ ಗಡ್ಡೆಯು ಮಣ್ಣಿನಡಿಯಲ್ಲಿ ಮುಂದಿನ ಮಳೆಗಾಗಿ ಕಾಯುತ್ತದೆ. ಮರೆವಿನ ಕಾಯಿಲೆಯಾದ ಆಲ್ಝೈಮರ್‌ನ ಚಿಕಿತ್ಸೆಯಲ್ಲಿ ಬಳಸುವ ಗ್ಯಾಲಂಟಮೈನ್ ಎಂಬ ದ್ರವ್ಯವೂ ಈ ಗಿಡದಲ್ಲಿದೆ.

ಇಂತಹ ಗಿಡಕ್ಕೆ ಕುತ್ತು ಎರಡು ದಿಕ್ಕಿನಿಂದ ಬರುತ್ತದೆ. ಕಲ್ಲುಕೋರೆಗಾಗಿ ಪದವನ್ನು ಕಡಿದರೆ ತೋಡಿನ ಮೂಲವೇ ಇಲ್ಲವಾಗುತ್ತದೆ. ಇನ್ನೊಂದು ಕುತ್ತು ಪ್ರೀತಿಯದು: ಚೆಂದ ಕಂಡವರು ಗಡ್ಡೆ ಕಿತ್ತು ಮನೆಗೊಯ್ಯುವುದು. ಹರಿಯುವ ನೀರನ್ನೂ ಋತುವಿಗೆ ತಕ್ಕ ಒಣಗುವಿಕೆಯನ್ನೂ ನಂಬಿದ ಗಿಡಕ್ಕೆ ಅಂಗಳದ ಕುಂಡ ಮನೆಯಾಗದು. ಕಿತ್ತವರಿಗೂ ಹೂವಿಲ್ಲ, ತೋಡಿಗೂ ಇಲ್ಲ.

ಅಂಗಳದಲ್ಲಿ ಬಿಳಿ ಲಿಲ್ಲಿ ಬೇಕೆನ್ನುವವರಿಗೆ ಅದೇ ಕುಟುಂಬದ ಬೇರೆ ಗಿಡಗಳಿವೆ. ಜೇಡನ ಕಾಲುಗಳಂತೆ ಎಸಳು ಚಾಚುವ ಜೇಡಲಿಲ್ಲಿ, ಮಳೆ ಬಿದ್ದ ಬೆನ್ನಿಗೇ ಅರಳುವ ಪುಟ್ಟ ಮಳೆಲಿಲ್ಲಿ ಇವೆರಡೂ ಅಮೆರಿಕ ಖಂಡಗಳಿಂದ ಬಂದು ನಮ್ಮ ಅಂಗಳಗಳಿಗೆ ಒಗ್ಗಿದವು. ಪತ್ತನಾಜೆಯ ಹೊತ್ತಿಗೆ ಗಡ್ಡೆ ನೆಡುವುದು ಒಳ್ಳೆಯದು. ಕೆಂಪುಕಲ್ಲಿನ ಗಟ್ಟಿ ನೆಲವನ್ನು ಒಂದು ಗೇಣು ಅಗೆದು, ಮರಳು, ಸುಡುಮಣ್ಣು ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ಬೆರೆಸಬೇಕು. ಜೇಡಲಿಲ್ಲಿಯ ಗಡ್ಡೆಯ ಕತ್ತು ಮಣ್ಣಿನ ಮಟ್ಟದಲ್ಲಿರಲಿ. ಮಳೆಲಿಲ್ಲಿಯ ಗಡ್ಡೆಗೆ ಎರಡು ಬೆರಳಿನಷ್ಟು ಮಣ್ಣು ಮುಚ್ಚಿದರೆ ಸಾಕು. ಆಟಿಯ ಮಳೆನೀರು ಬುಡದಲ್ಲಿ ನಿಲ್ಲುವಲ್ಲಿ ಗಡ್ಡೆ ಕೊಳೆಯುವ ಭಯವಿರುವುದರಿಂದ ಪಾತಿಯನ್ನು ತುಸು ಏರಿಸಬೇಕು. ಎಲೆಗಳ ಮೇಲೆ ಕಪ್ಪು, ಬಿಳುಪು, ಕೆಂಪು ಚುಕ್ಕೆಗಳ ಹುಳುಗಳು ಕಂಡರೆ ಕೂಡಲೇ ಹೆಕ್ಕಿ ತೆಗೆಯಬೇಕು. ತಡಮಾಡಿದರೆ ಎಲೆಗಳು ಉಳಿಯವು. ಮೂರು ನಾಲ್ಕು ವರ್ಷಕ್ಕೊಮ್ಮೆ ಗುಂಪನ್ನು ಬಿಡಿಸಿ ಮರಿಗಡ್ಡೆಗಳನ್ನು ನೆರೆಮನೆಗೆ ಹಂಚಬಹುದು.

ಒಂದು ಎಚ್ಚರಿಕೆ ಅಗತ್ಯ. ಈ ಗಡ್ಡೆಗಳು ನೋಡಲು ನೀರುಳ್ಳಿಯಂತಿದ್ದರೂ ಅವುಗಳಲ್ಲಿ ಲೈಕೊರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಬೇಕು, ಗಡ್ಡೆಗಳನ್ನು ಅಡುಗೆಮನೆಯಿಂದ ದೂರವಿಡಬೇಕು, ಮುಟ್ಟಿದ ಕೈಗಳನ್ನು ತೊಳೆಯಬೇಕು.

ಜಿಲ್ಲೆಯ ಹೂವನ್ನು ಕಾಣಬೇಕೆಂಬ ಆಸೆ ಮಕ್ಕಳಿಗಿದ್ದರೆ ಹಿರಿಯರೊಡನೆ ತೋಡಿನ ದಡಕ್ಕೆ ಹೋಗಿ, ನೋಡಿ, ಚಿತ್ರ ಬರೆದು, ಕಂಡ ದಿನವನ್ನೂ ನೀರಿನ ಆಳವನ್ನೂ ಕನ್ನಡದಲ್ಲಿ ಗುರುತಿಸಿಡಲಿ. ವರ್ಷವರ್ಷವೂ ಹಾಗೆ ಬರೆದಿಟ್ಟರೆ, ಹೂವು ಕಡಿಮೆಯಾಗತೊಡಗಿದ ದಿನ ಊರಿಗೆ ಮೊದಲು ತಿಳಿಸುವ ಪುಸ್ತಕ ಅದೇ ಆದೀತು.