ಗಾಜಿನ ತೋಟ, ಅಮ್ಮನ ಹಿತ್ತಲು

ಸೋದರಿಯರೇ, ನಿಮ್ಮ ಮನೆಯ ಶೋಕೇಸಿನಲ್ಲೂ ಪ್ಲಾಸ್ಟಿಕ್ ಹೂಗುಚ್ಛ ಇರಬೇಕಲ್ಲವೇ? ನಮ್ಮಲ್ಲಂತೂ ಇದೆ. ತಿಂಗಳಿಗೊಮ್ಮೆ ಅದನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆಯುವಾಗಲೆಲ್ಲ ನಮ್ಮತ್ತೆ, “ವಾಸನೆ ಇಲ್ಲದ ಹೂವಿಗೆ ಸ್ನಾನ ಬೇರೆ!” ಅನ್ನುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮೊನ್ನೆ ಮಗಳು ಗಾಜಿನ ಹೂಗಳ ಚಿತ್ರ ತೋರಿಸಿದ ಮೇಲೆ ಯೋಚನೆ ಹತ್ತಿತು.

ಅವು ಅಮೆರಿಕದ ಡೇಲ್ ಚಿಹೂಲಿಯವರ ಕೃತಿಗಳು. 1941ರಲ್ಲಿ ಟಕೋಮಾ ಎಂಬ ಊರಿನಲ್ಲಿ ಹುಟ್ಟಿದವರು. 1957ರಲ್ಲಿ ಅಣ್ಣ, ಮರುವರ್ಷವೇ ತಂದೆ ತೀರಿಕೊಂಡರು. ತಾಯಿ ವಯೋಲಾ ಹೊರಗೆ ದುಡಿದು ಸಂಸಾರ ತೂಗಿಸಿದರು, ಮಗನನ್ನು ಕಾಲೇಜಿಗೂ ಕಳಿಸಿದರು. ಆ ತಾಯಿಗೆ ಹೂದೋಟವೆಂದರೆ ಪ್ರಾಣ.

ಗಾಜೆಂದರೆ ಮತ್ತೇನು? ಮರಳು, ಸೋಡಾ, ಸುಣ್ಣದಕಲ್ಲು. ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಕರಗಿದಾಗ ಜೋನಿಬೆಲ್ಲದ ಹಾಗಾಗುತ್ತದೆ. ಅದನ್ನು ಉದ್ದನೆಯ ಕೊಳವೆಯ ತುದಿಗೆ ಸುತ್ತಿ, ಊದುತ್ತಾ ತಿರುಗಿಸುತ್ತಾ ಆಕಾರ ಕೊಡಬೇಕು. ಆಮೇಲೆ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಬಿರುಕು ಬಿಟ್ಟಿತೆಂದೇ ಲೆಕ್ಕ.

1976ರಲ್ಲಿ ಇಂಗ್ಲೆಂಡಿನಲ್ಲಿ ಆದ ಕಾರು ಅಪಘಾತದಲ್ಲಿ ಚಿಹೂಲಿಯವರ ಎಡಗಣ್ಣು ಹೋಯಿತು. 1979ರಲ್ಲಿ ಭುಜಕ್ಕೂ ಪೆಟ್ಟಾಯಿತು. ಕೊಳವೆ ಹಿಡಿಯುವುದು ಬಿಟ್ಟರು, ಕೆಲಸ ಬಿಡಲಿಲ್ಲ. ಇವರು ಚಿತ್ರ ಬರೆದು ಹೇಳುವುದು, ಜೊತೆಯವರು ಊದುವುದು, ಹಾಗೆ ನಡೆಯಿತು. 2005ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಜೀವಂತ ಗಿಡಗಳ ನಡುವೆಯೇ ಅವರ ಗಾಜು ಅರಳಿ ನಿಂತಿತು. 2012ರಲ್ಲಿ ಸಿಯಾಟಲ್ ನಗರದಲ್ಲಿ ಅವರ ಕೃತಿಗಳಿಗೆಂದೇ ಒಂದು ತೋಟ ತೆರೆಯಿತು.

ನನಗೆ ಹಿಡಿಸಿದ್ದು ಇದು. ಆ ಗಾಜು “ನಾನು ನಿಜವಾದ ಹೂವು” ಎಂದು ಯಾರನ್ನೂ ಮೋಸಗೊಳಿಸುವುದಿಲ್ಲ. ಗಾಜಾಗಿಯೇ ಹೊಳೆಯುತ್ತಾ ಎಲೆಗಳ ಪಕ್ಕ ನಿಲ್ಲುತ್ತದೆ. 2003ರಲ್ಲಿ ಅವರು ತಮ್ಮೂರಿನ ಮ್ಯೂಸಿಯಮ್ಮಿಗೆ ಒಂದು ಗಾಜಿನ ತೋಟವನ್ನೇ ಮಾಡಿದರು. ಹೆಸರು ‘ಮಿಲ್ಲೆ ಫಿಯೋರಿ’, ಇಟಲಿಯ ಭಾಷೆಯಲ್ಲಿ ಸಾವಿರ ಹೂಗಳು. ಅದಕ್ಕೆ ಮೂಲ ಅಮ್ಮನ ಹೂದೋಟದ ನೆನಪು.

ಓದಿದಾಗ ಗಂಟಲು ಕಟ್ಟಿತು ಕಣ್ರೀ. ನನ್ನಮ್ಮ ಹೋಗಿ ಮೂರು ವರ್ಷ. ತವರಿನ ಹಿತ್ತಲಲ್ಲಿ ಕನಕಾಂಬರದ ಪಾತಿ ಇದ್ದ ಜಾಗಕ್ಕೆ ಈಗ ಸಿಮೆಂಟು ಬಿದ್ದಿದೆ. ಅದನ್ನು ನೋಡಿ ಬಂದ ವರ್ಷ ನಾನೊಂದು ದಿಂಬಿನ ಚೀಲಕ್ಕೆ ಕನಕಾಂಬರದ ಕಸೂತಿ ಹಾಕಿದ್ದೆ. ಬಣ್ಣ ಸರಿಯಾಗಿ ಕೂಡಲಿಲ್ಲ, ಅಮ್ಮನ ಹೂವೆಲ್ಲಿ ಈ ದಾರವೆಲ್ಲಿ ಎಂದು ನಾಚಿ ಟ್ರಂಕಿನ ತಳಕ್ಕೆ ಸೇರಿಸಿದ್ದೆ.

ಮೊನ್ನೆ ತೆಗೆದು ದಿಂಬಿಗೆ ಹಾಕಿದೆ. ಅತ್ತೆ ಕೈಯಾಡಿಸಿ ನೋಡಿದರು. ವಾಸನೆಯ ಮಾತೇ ಎತ್ತಲಿಲ್ಲ. “ನಿಮ್ಮಮ್ಮನ ಹಿತ್ತಲದ್ದಲ್ವೇನಮ್ಮ?” ಎಂದರು.

ಪ್ಲಾಸ್ಟಿಕ್ ಗುಚ್ಛ ಇನ್ನೂ ಶೋಕೇಸಿನಲ್ಲೇ ಇದೆ, ಏನು ಮಾಡಬೇಕೋ ತೋಚಿಲ್ಲ. ನಿಮ್ಮ ತವರಿನ ಹಿತ್ತಲಲ್ಲಿ ಯಾವ ಹೂವಿತ್ತು? ಬಿಡುವಾದಾಗ ಒಂದು ಸಾಲು ಬರೆಯಿರಿ.