ಸರಾಸರಿಯಿಂದ ಹೊಟ್ಟೆ ತುಂಬದು

ಹತ್ತು ಮನೆಗಳ ಓಣಿಗೆ ಹತ್ತು ಮೂಟೆ ಅಕ್ಕಿ ಬಂದಿತೆಂದು ಇಟ್ಟುಕೊಳ್ಳಿ. ಮನೆಗೊಂದು ಮೂಟೆಯಂತಾಯಿತೆಂದು ಸರಾಸರಿ ತೆಗೆದು ಅಧಿಕಾರಿ ವರದಿ ಬರೆಯುತ್ತಾನೆ. ಆದರೆ ಒಂಬತ್ತು ಮೂಟೆ ಒಂದೇ ಮನೆಯನ್ನು ಸೇರಿದ್ದರೆ, ಉಳಿದ ಮನೆಗಳ ಒಲೆ ಆ ವರದಿಯಿಂದ ಉರಿಯುವುದಿಲ್ಲ. ಗಿರಣಿಯಲ್ಲಿ ದುಡಿಯುವವನಿಗೂ ಚಿಲ್ಲರೆ ಅಂಗಡಿ ಇಟ್ಟವನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಸರಾಸರಿಯ ಲೆಕ್ಕ ಈಗ ಭೂಮಿಯ ದಕ್ಷಿಣ ತುದಿಯ ಹಿಮಸಮುದ್ರದಲ್ಲಿ ನಡೆದಿದೆ. ಅಷ್ಟು ದೂರದ ಸಂಗತಿ ನಮಗೇಕೆ ಎಂದು ಕೇಳುವವರು ಕೊನೆಯವರೆಗೆ ಓದಬೇಕು. ಆ ಲೆಕ್ಕ ಒಪ್ಪುವ ಸಭೆಯಲ್ಲಿ ನಮ್ಮ ದೇಶದ ಕುರ್ಚಿಯೂ ಒಂದಿದೆ.

ಆ ಸಮುದ್ರದ ಅನ್ನ ಕ್ರಿಲ್ ಎಂಬ ಜೀವಿ. ನೋಡಲು ನಮ್ಮ ಸೀಗಡಿಯಂತೆ. ಉದ್ದ ಹೆಚ್ಚೆಂದರೆ ಆರು ಸೆಂಟಿಮೀಟರು, ತೂಕ ಒಂದೆರಡು ಗ್ರಾಂ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು ಬೆಳೆಯುತ್ತದೆ. ಚಳಿಗಾಲದಲ್ಲಿ ಅದರ ಮರಿಗಳು ಮಂಜುಗಡ್ಡೆಯ ತಳಕ್ಕೆ ಅಂಟಿದ ಪಾಚಿಯನ್ನು ಕೆರೆದು ತಿಂದು ಜೀವ ಹಿಡಿಯುತ್ತವೆ. ಈ ಪುಟ್ಟ ಜೀವಿಯ ಹಿಂಡುಗಳನ್ನೇ ನಂಬಿ ನೂರು ಟನ್ ಮೀರಿ ತೂಗುವ ನೀಲಿ ತಿಮಿಂಗಿಲ ಬದುಕಿದೆ. ಪೆಂಗ್ವಿನ್, ಸೀಲ್, ಮೀನು, ಕಡಲಹಕ್ಕಿ ಬದುಕಿವೆ.

ಮನುಷ್ಯ ಅಲ್ಲಿಗೆ ಹೋದದ್ದು ಕ್ರಿಲ್‌ಗಾಗಿ ಅಲ್ಲ. ದಕ್ಷಿಣ ಜಾರ್ಜಿಯ ದ್ವೀಪದ ಕಥೆಯನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮದ ವ್ಯಾಪಾರಿಗಳು ಅಲ್ಲಿಯ ತುಪ್ಪಳದ ಸೀಲ್‌ಗಳನ್ನು ಕೊಂದು ಕೊಂದು ಬಹುತೇಕ ನಿರ್ವಂಶ ಮಾಡಿದರು. 1904ರಲ್ಲಿ ಗ್ರಿಟ್ವಿಕೆನ್ ಎಂಬಲ್ಲಿ ತಿಮಿಂಗಿಲದ ಎಣ್ಣೆ ಕಾಯಿಸುವ ಕಾರ್ಖಾನೆ ಎದ್ದಿತು. ಅರುವತ್ತು ವರ್ಷಗಳಲ್ಲಿ ಆ ದ್ವೀಪದ ಕಾರ್ಖಾನೆಗಳಲ್ಲಿ ಸುಮಾರು 1,75,000 ತಿಮಿಂಗಿಲಗಳು ಎಣ್ಣೆಯಾದವು. ಹಿಡಿಯಲು ತಿಮಿಂಗಿಲಗಳೇ ಸಿಕ್ಕದಾದಾಗ ಕಾರ್ಖಾನೆಗಳು ಬಾಗಿಲು ಹಾಕಿದವು. ಆಮೇಲೆ ಮೀನಿನ ಸರದಿ. 1969-70ರ ಒಂದೇ ಹಂಗಾಮಿನಲ್ಲಿ ಸೋವಿಯತ್ ಹಡಗುಗಳು ಆ ದ್ವೀಪದ ಸುತ್ತ ರಾಕ್‌ಕಾಡ್ ಜಾತಿಯ ಮೀನನ್ನು ಸುಮಾರು ನಾಲ್ಕು ಲಕ್ಷ ಟನ್ ಹಿಡಿದವು. ಮರುವರ್ಷ ಸಿಕ್ಕಿದ್ದು ಅದರ ಕಾಲುಭಾಗ. 1985ರಲ್ಲಿ ಆ ಮೀನನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಸಮಾಜವಾದದ ಹೆಸರು ಹೇಳುತ್ತಿದ್ದ ಸರ್ಕಾರದ ಹಡಗುಗಳು ಇವು ಎಂಬುದನ್ನು ನಾವು ಮುಚ್ಚಿಡಬಾರದು. ಬಲೆ ಖಾಸಗಿಯವನದೋ ಸರ್ಕಾರದ್ದೋ ಎಂದು ಮೀನು ಕೇಳುವುದಿಲ್ಲ.

ಈಗ ಉಳಿದಿರುವುದು ಬುಡದ ಅನ್ನವಾದ ಕ್ರಿಲ್. ದೊಡ್ಡ ಹಡಗುಗಳು ಬಲೆಯನ್ನು ನೀರಿನಲ್ಲಿಯೇ ಬಿಟ್ಟು, ಕೊಳವೆಯ ಮೂಲಕ ಕ್ರಿಲ್ ಅನ್ನು ಎಡೆಬಿಡದೆ ಮೇಲಕ್ಕೆ ಹೀರುತ್ತವೆ. ಅದು ಬೇಗ ಕೆಡುವ ವಸ್ತುವಾದ್ದರಿಂದ ಹಡಗಿನಲ್ಲಿಯೇ ಒಣಗಿಸಿ ಪುಡಿ ಮಾಡುತ್ತಾರೆ. ಹಸಿದವರ ತಟ್ಟೆಗೆ ಅದು ಬರುವುದು ಅಪರೂಪ. ಹೆಚ್ಚಿನ ಪಾಲು ಸಾಕಿದ ಸಾಲ್ಮನ್ ಮೀನಿನ ಮೇವಾಗುತ್ತದೆ. ಒಂದಷ್ಟು ಉಳ್ಳವರ ಎಣ್ಣೆಗುಳಿಗೆಯೂ ಸಾಕುನಾಯಿಯ ತಿಂಡಿಯೂ ಆಗುತ್ತದೆ.

ಇದರಿಂದ ಏನು ನಷ್ಟ ಎಂದು ಉದ್ಯಮದವರು ಕೇಳುತ್ತಾರೆ. ಅವರ ಲೆಕ್ಕ ಸುಳ್ಳಲ್ಲ. ಅಟ್ಲಾಂಟಿಕ್ ಕಡೆಯ ಹಿಮಸಮುದ್ರದಲ್ಲಿ ಸುಮಾರು 6 ಕೋಟಿ 26 ಲಕ್ಷ ಟನ್ ಕ್ರಿಲ್ ಇದೆಯೆಂದು 2019ರ ಸಮೀಕ್ಷೆ ಹೇಳಿತು. ಹಿಡಿಯಲು ಇಟ್ಟಿರುವ ಮಿತಿ 6,20,000 ಟನ್. ನೂರಕ್ಕೆ ಒಂದು ಪಾಲು ಮಾತ್ರ. ಆದರೆ ಹಡಗುಗಳು ಆ ವಿಶಾಲ ಸಮುದ್ರದಲ್ಲೆಲ್ಲ ಚದುರಿ ಹಿಡಿಯುವುದಿಲ್ಲ. ಹಿಂಡು ದಟ್ಟವಾಗಿರುವ ಕೆಲವೇ ಜಲಸಂಧಿಗಳಲ್ಲಿ, ದ್ವೀಪಗಳ ಅಂಚಿನಲ್ಲಿ ನಿಂತು ಹೀರುತ್ತವೆ. ಪೆಂಗ್ವಿನ್ ಮೇಯುವುದೂ ಅಲ್ಲಿಯೇ. ದಡದಲ್ಲಿ ಮರಿ ಬಾಯಿ ತೆರೆದು ಕಾದಿರುವಾಗ ತಾಯಿ ಹಕ್ಕಿ ನೂರಾರು ಮೈಲಿ ಆಚೆಯ ಕ್ರಿಲ್‌ಗೆ ಹೋಗಿ ಬರಲಾರದು. ಪಕ್ಕದ ಜಿಲ್ಲೆಯ ಉಗ್ರಾಣ ತುಂಬಿದೆ ಎಂದರೆ ನಮ್ಮೂರ ಪಡಿತರದ ಸಾಲು ಕರಗೀತೆ?

ಇದು ಬರಿಯ ಊಹೆಯಲ್ಲ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಕ್ಕದ ಎರಡು ನೆಲೆಗಳಲ್ಲಿ ವಿಜ್ಞಾನಿಗಳು ಮೂವತ್ತು ವರ್ಷಕ್ಕೂ ಮೀರಿ ಪೆಂಗ್ವಿನ್‌ಗಳನ್ನು ತೂಗಿ, ಮರಿ ಎಣಿಸಿ, ಮೇವಿಗೆ ಹೋಗಿ ಬರುವ ಹೊತ್ತನ್ನು ಅಳೆದು ಬರೆದಿಟ್ಟರು. ಅಮೆರಿಕದ ಜಾರ್ಜ್ ವಾಟರ್ಸ್ ಮತ್ತು ಸಂಗಡಿಗರು 2020ರಲ್ಲಿ ಈ ದಾಖಲೆಯನ್ನೂ ಹಡಗುಗಳ ಲೆಕ್ಕವನ್ನೂ ಕೂಡಿಸಿ ನೋಡಿದರು. ಒಂದು ಪ್ರದೇಶದ ಕ್ರಿಲ್‌ನಲ್ಲಿ ಹತ್ತನೆಯ ಒಂದು ಪಾಲು ಅಥವಾ ಹೆಚ್ಚು ಹಿಡಿದಾಗ, ಪ್ರಕೃತಿಯೇ ಮುನಿದ ವರ್ಷದಷ್ಟು ಪೆಟ್ಟು ಪೆಂಗ್ವಿನ್‌ಗಳಿಗೆ ಬೀಳುತ್ತದೆಂದು ಕಂಡರು. ಈ ತೀರ್ಮಾನವನ್ನು ಪ್ರಶ್ನಿಸಿದ ವಿಜ್ಞಾನಿಗಳೂ ಇದ್ದಾರೆ. ಸಂಶಯವಿದ್ದಾಗ ಬಲೆ ಹಗುರವಾಗಿರಬೇಕೋ, ಪೆಂಗ್ವಿನ್ ಮರಿಯ ಹೊಟ್ಟೆಯೋ?

ಕಾನೂನು ಈ ಪ್ರಶ್ನೆಗೆ ಹಿಂದೆಯೇ ಉತ್ತರ ಕೊಟ್ಟಿದೆ. 1980ರಲ್ಲಿ ಸಹಿಯಾಗಿ 1982ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಕಡಲಜೀವಿ ಸಂರಕ್ಷಣಾ ಒಪ್ಪಂದದಂತೆ, ಹಿಡಿಯುವ ಜೀವಿಯನ್ನಷ್ಟೇ ಅಲ್ಲದೆ ಅದನ್ನು ನಂಬಿದ ಜೀವಿಗಳನ್ನೂ ಕಾಯಬೇಕು. ಅದರ ಆಯೋಗ ಆಸ್ಟ್ರೇಲಿಯದ ಹೋಬರ್ಟ್ ನಗರದಲ್ಲಿ ಸೇರುತ್ತದೆ. ಒಟ್ಟು ಮಿತಿ ಒಂದೇ ಕಡೆ ಬೀಳದಂತೆ ಆಯೋಗ 2009ರಲ್ಲಿ ಸಮುದ್ರವನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಮಿತಿ ಇಟ್ಟಿತು. ಪೆಂಗ್ವಿನ್ ದಟ್ಟವಾಗಿರುವ ಪರ್ಯಾಯದ್ವೀಪದ ಭಾಗಕ್ಕೆ 1,55,000 ಟನ್ನೇ ಗರಿಷ್ಠ. ಸರಾಸರಿಯ ಮೋಸಕ್ಕೆ ಹಾಕಿದ ಬೇಲಿ ಅದು.

2024ರ ಅಕ್ಟೋಬರಿನಲ್ಲಿ ಆ ಬೇಲಿ ಬಿದ್ದುಹೋಯಿತು. ಆಯೋಗದಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಒಬ್ಬರು ತಲೆ ಅಲ್ಲಾಡಿಸಿದರೂ ಕೆಲಸ ಕೆಟ್ಟಿತು. ಹಂಚಿಕೆಯ ನಿಯಮವನ್ನು ಮುಂದುವರಿಸಲು ಒಮ್ಮತ ಸಿಕ್ಕದೆ ಅದು ರದ್ದಾಯಿತು. ಫಲ ಕಾಣಲು ವರ್ಷವೂ ಬೇಕಾಗಲಿಲ್ಲ. 2025ರ ಆಗಸ್ಟ್ ವೇಳೆಗೆ 6,20,000 ಟನ್‌ನ ಮಿತಿ ಮೊದಲ ಬಾರಿಗೆ ಮುಟ್ಟಿ, ಹಂಗಾಮು ಮುಗಿಯುವ ಮೊದಲೇ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು.

ಭಾರತ 1986ರಿಂದ ಈ ಆಯೋಗದ ಸದಸ್ಯ. ನಮ್ಮ 'ಸಾಗರ ಸಂಪದ' ಹಡಗು 1995-96ರಲ್ಲಿ ಕ್ರಿಲ್ ಅಧ್ಯಯನಕ್ಕೆಂದೇ ಆ ಸಮುದ್ರಕ್ಕೆ ಹೋಗಿ ಬಂದಿದೆ. ಎಲ್ಲರ ಒಪ್ಪಿಗೆ ಬೇಕಾದ ಸಭೆಯಲ್ಲಿ ಯಾರ ಮಾತೂ ಸಣ್ಣದಲ್ಲ. ಪ್ರದೇಶವಾರು ಮಿತಿ ಮರಳಿ ಬರಲಿ, ಹಕ್ಕಿ ಮರಿ ಸಾಕುವ ತಾಣಗಳ ಹತ್ತಿರ ಬಲೆ ಬೀಳದಿರಲಿ ಎಂದು ನಮ್ಮ ಪ್ರತಿನಿಧಿಗಳು ಅಲ್ಲಿ ಗಟ್ಟಿಯಾಗಿ ಹೇಳಬೇಕು. ಹೇಳಿದರೋ ಇಲ್ಲವೋ ಎಂದು ಕೇಳುವ ಕೆಲಸ ಲೋಕಸಭೆಯಲ್ಲಿ ಕುಳಿತವರದು. ಅವರನ್ನು ಕೇಳುವ ಕೆಲಸ ನಮ್ಮದು, ನಿಮ್ಮದು.

ಸೀಲ್ ಮುಗಿದಾಗ ತಿಮಿಂಗಿಲವಿತ್ತು, ತಿಮಿಂಗಿಲ ಮುಗಿದಾಗ ಮೀನಿತ್ತು, ಮೀನು ಮುಗಿದಾಗ ಕ್ರಿಲ್ ಇತ್ತು. ಕ್ರಿಲ್ ಮುಗಿದರೆ ಅದರ ಕೆಳಗೆ ಹಿಡಿಯಲು ಏನೂ ಇಲ್ಲ.