ಟ್ರಾಂಬೋನಿನ ಜಾರು

ಗಣೇಶ ವಿಸರ್ಜನೆಯ ಸಂಜೆ ಮುಂಬಯಿಯ ಮಾಟುಂಗಾದ ರಸ್ತೆಯಲ್ಲಿ ಬ್ಯಾಂಡ್‌ಸೆಟ್ ಬಂದರೆ ನನ್ನ ಕಣ್ಣು ಟ್ರಾಂಬೋನ್ ಹಿಡಿದವನ ಬಲಗೈ ಮೇಲೆಯೇ. ಕೊಳವೆ ಮುಂದಕ್ಕೆ ಜಾರಿದಷ್ಟೂ ಸ್ವರ ಇಳಿಯುತ್ತದೆ. ನಿಲ್ಲಬೇಕಾದ ಜಾಗಗಳು ಏಳು, ಕೊಳವೆಯ ಮೇಲೆ ಗುರುತು ಒಂದೂ ಇಲ್ಲ, ಕಿವಿಯೇ ದಾರಿ. ನಮ್ಮ ಗಾಯಕರು ಕಂಠದಲ್ಲಿ ತರುವ ಜಾರು ಇಲ್ಲಿ ಕಣ್ಣಿಗೇ ಕಾಣುತ್ತದೆ.

ವೆನಿಸ್ಸಿನ ಸೇಂಟ್ ಮಾರ್ಕ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಜೊವಾನ್ನಿ ಗಾಬ್ರಿಯೇಲಿಗೆ ಈ ವಾದ್ಯದ ಮೇಲೆ ಬಹಳ ಪ್ರೀತಿ. 1597ರಲ್ಲಿ ಅಚ್ಚಾದ ಅವನ ‘ಸೊನಾಟಾ ಪಿಯಾನ್ ಎ ಫೋರ್ಟೆ’ಯ ಎಂಟು ದನಿಗಳಲ್ಲಿ ಆರು ಟ್ರಾಂಬೋನಿನವೇ. ನಾಲ್ಕು ನಾಲ್ಕರ ಎರಡು ಮೇಳ. ಒಂದು ನುಡಿದದ್ದಕ್ಕೆ ಇನ್ನೊಂದರ ಮಾರುತ್ತರ. ಎಂಟೂ ದನಿಯನ್ನು ಟ್ರಾಂಬೋನಿಗೇ ಹೊಂದಿಸಬೇಕೆಂದರೆ ಬಾಕಿ ಎರಡೇ ಎನಿಸಬಹುದು. ಕಷ್ಟವೆಲ್ಲ ಅಲ್ಲೇ ಇದೆ. ಎರಡನೆಯ ಮೇಳದ ಮೇಲ್ದನಿಗೆ ‘ವಯೊಲಿನ್’ ಎಂದು ಬರೆದಿದ್ದರೂ ಅದು ವಯೋಲಾದ ಮಟ್ಟದಲ್ಲೇ ಓಡಾಡುತ್ತದೆ. ಆಲ್ಟೋ ಟ್ರಾಂಬೋನ್ ಅದನ್ನು ನಿಭಾಯಿಸೀತು. ಮೊದಲ ಮೇಳದ್ದು ಕಾರ್ನೆಟ್ಟೋ ಎಂಬ ಮರದ ಕೊಂಬಿನ ದನಿ. ಅದು ಏರುವಲ್ಲಿ ಟ್ರಾಂಬೋನಿಗೆ ಉಸಿರು ಕಟ್ಟುತ್ತದೆ. ಅದೊಂದನ್ನೇ ಒಂದು ಸ್ಥಾಯಿ ಇಳಿಸಿದರೆ ಮುಖ್ಯ ಎಳೆ ನಡುದನಿಗಳಲ್ಲಿ ಮುಳುಗಿಬಿಡುತ್ತದೆ. ಇಡೀ ಕೃತಿಯ ಶ್ರುತಿಯನ್ನು ತೀರಾ ಇಳಿಸಿದರೆ ಕೆಳದನಿಗಳು ರಾಡಿಯಾಗುತ್ತವೆ. ಎಲ್ಲವನ್ನೂ ಒಂದಿಷ್ಟೇ ಇಳಿಸಿ, ಮೇಲ್ದನಿಯನ್ನು ಗಟ್ಟಿಗನ ಕೈಗೆ ಕೊಡುವುದೇ ಸರಿಯೆಂದು ನನಗನಿಸುತ್ತದೆ. ಇನ್ನು ಉಸಿರು: ನಾಲ್ವರೂ ಒಟ್ಟಿಗೆ ಉಸಿರೆಳೆದರೆ ನಾದ ಹರಿದುಹೋಗುತ್ತದೆ. ಅದಕ್ಕೇ ಒಬ್ಬೊಬ್ಬರ ಹಾಳೆಯಲ್ಲಿ ಒಂದೊಂದು ಕಡೆ ಪೆನ್ಸಿಲಿನ ಪುಟ್ಟ ಅಲ್ಪವಿರಾಮ.

ಈ ಲೆಕ್ಕಾಚಾರ ಮುಂಬಯಿಗೆ ಹೊಸದಲ್ಲ. ಹಿಂದಿ ಚಿತ್ರಗೀತೆಗಳಲ್ಲಿ ಇದನ್ನು ಮಾಡುತ್ತಿದ್ದವರು ಅರೇಂಜರ್‌ಗಳು. ಅವರಲ್ಲಿ ಅನೇಕರು ಗೋವಾದವರು, ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತವರು. ಮಜೋರ್ಡಾ ಊರಿನ ಆಂಥನಿ ಗೊನ್ಸಾಲ್ವಿಸ್ 1958ರಲ್ಲಿ ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ನಮ್ಮ ರಾಗಗಳನ್ನು ದೊಡ್ಡ ವಾದ್ಯವೃಂದಕ್ಕೆ ಹಂಚಿ ನುಡಿಸಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಜೊತೆಗಿದ್ದರು. 1977ರ ‘ಅಮರ್ ಅಕ್ಬರ್ ಆಂಥೊನಿ’ಯ ಹಾಡಿನಲ್ಲಿ ಬರುವ ಹೆಸರು ಅವರದೇ, ಆ ಚಿತ್ರದ ಸಂಗೀತ ನಿರ್ದೇಶಕರಲ್ಲಿ ಒಬ್ಬರಾದ ಶಿಷ್ಯ ಪ್ಯಾರೇಲಾಲ್ ಸಲ್ಲಿಸಿದ ಗುರುಕಾಣಿಕೆ. ಹಾಡನ್ನು ಊರಿಗೆ ಊರೇ ಗುನುಗಿತು. ಹೆಸರಿನ ಹಿಂದಿನ ಮನುಷ್ಯನನ್ನು ಬಲ್ಲವರು ಕೆಲವರೇ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಅದೇ ಅಂಗಳದ ಎರಡು ಬದಿಯಲ್ಲಿ ಮುಂಬಯಿಯ ಟ್ರಾಂಬೋನ್‌ನವರನ್ನು ನಾಲ್ಕು ನಾಲ್ಕಾಗಿ ನಿಲ್ಲಿಸಿ ಗಾಬ್ರಿಯೇಲಿಯನ್ನು ಕೇಳುವ ಆಸೆ ನನಗಿದೆ. ಶುರುವಿಗೆ ಮೊದಲು, ದನಿ ಹಂಚಿಕೊಟ್ಟವರ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.